ಕೋಳಿ ಕಂಪೆನಿಯದು, ಹಿಕ್ಕೆ ರೈತನದು

ವಾಳಯಾರ್ ಚೆಕ್‌ಪೋಸ್ಟಿನಲ್ಲಿ ರಾತ್ರಿ ಹೊತ್ತು ನಿಂತವರಿಗೆ ಮೊದಲು ತಿಳಿಯುವುದು ವಾಸನೆ. ಲಾರಿ ಕಣ್ಣಿಗೆ ಬೀಳುವುದು ಅನಂತರ. ಪಂಜರದ ಮೇಲೆ ಪಂಜರ ಪೇರಿಸಿಕೊಂಡು ಕೇರಳಕ್ಕೆ ಇಳಿಯುವ ಈ ಬಿಳಿ ಕೋಳಿಗಳಲ್ಲಿ ಬಹಳಷ್ಟು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳವು. ಪಲ್ಲಡಂ ಅದರ ಕೇಂದ್ರ. ಫಾರ್ಮಿನ ದರವನ್ನು ಸಾರುವ ಬ್ರಾಯ್ಲರ್ ಸಮನ್ವಯ ಸಮಿತಿಯೂ ಅಲ್ಲಿಯದೇ.

ಅದು ಮಳೆ ಕಡಿಮೆಯ ಸೀಮೆ. ಹತ್ತಿ, ಜೋಳ ಬೆಳೆಯುತ್ತಿದ್ದ ನೆಲ. ಬಾವಿ ಬತ್ತಿ, ಕೊಳವೆ ಬಾವಿ ಸಾವಿರ ಅಡಿ ಇಳಿದ ಮೇಲೆ ಬೇಸಾಯ ನಂಬಿ ಬದುಕುವುದು ಕಷ್ಟವಾಯಿತು. ಉಡುಮಲೈಪೇಟೆಯಲ್ಲಿ 1984ರಲ್ಲಿ ಸಣ್ಣದಾಗಿ ಆರಂಭವಾದ ಸುಗುಣ ಸಂಸ್ಥೆ ತೊಂಬತ್ತರ ದಶಕದಲ್ಲಿ ಕರಾರಿನ ಸಾಕಣೆಯನ್ನು ತಂದಿತು. ಬೇರೆ ಕಂಪೆನಿಗಳೂ ಅದೇ ಹಾದಿ ಹಿಡಿದವು. ಮರಿ, ಮೇವು, ಔಷಧಿ ಕಂಪೆನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಸುಮಾರು ನಲವತ್ತು ದಿನಗಳಲ್ಲಿ ಕೋಳಿ ಎರಡು ಕಿಲೋ ತೂಗಿದಾಗ ಕಂಪೆನಿ ಲಾರಿ ತಂದು ಒಯ್ಯುತ್ತದೆ, ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಕೊಡುತ್ತದೆ. ಕನ್ನಡ ಮನೆಮಾತಿನ ಒಕ್ಕಲಿಗರೂ ದೇವಾಂಗರೂ ತಲೆಮಾರುಗಳಿಂದ ನೆಲೆಸಿರುವ ಸೀಮೆ ಅದು. ಆ ಬಯಲಿನಲ್ಲಿ ಹಲವು ಮನೆಗಳು ಉಳಿದದ್ದು ಈ ಕೂಲಿಯಿಂದ ಎಂಬುದನ್ನು ಮರೆತು ಮಾತಾಡುವುದು ಅನ್ಯಾಯ.

ಆದರೆ ಒಂದು ಸಂಗತಿ ಗಮನಿಸಿ. ಜೀವಂತ ಕೋಳಿ ಕಂಪೆನಿಯ ಸೊತ್ತು. ಅದರ ಹಿಕ್ಕೆ, ಶೆಡ್ಡಿನೊಳಗೆ ಸತ್ತ ಕೋಳಿ, ನೊಣ, ನೆರೆಯವರ ಬೈಗುಳ, ಇವೆಲ್ಲ ರೈತನ ಪಾಲು. ನೆಲಕ್ಕೆ ಹಾಸುವ ತೆಂಗಿನ ನಾರಿನ ಪುಡಿ ಒಣಗಿದ್ದರೆ ಅಷ್ಟೇನೂ ತೊಂದರೆಯಿಲ್ಲ. ನೀರಿನ ಕೊಳವೆ ಸೋರಿ ಅಥವಾ ಮಳೆ ಎರಚಿ ಒದ್ದೆಯಾಯಿತೋ, ಹಿಕ್ಕೆಯಿಂದ ಅಮೋನಿಯ ಏಳುತ್ತದೆ. ಶೆಡ್ಡಿನಲ್ಲಿ ದುಡಿಯುವವರ ಕಣ್ಣು ಉರಿಯುತ್ತದೆ, ಕೆಮ್ಮು ಹಿಡಿಯುತ್ತದೆ. ಬೆಚ್ಚನೆಯ ಹವೆಯಲ್ಲಿ ನೊಣದ ಮೊಟ್ಟೆ ಹತ್ತು ದಿನ ತುಂಬುವ ಮೊದಲೇ ನೊಣವಾಗಿ ಹಾರುತ್ತದೆ. ಹತ್ತಿರದ ಮನೆಗಳಲ್ಲಿ ಅನ್ನದ ತಟ್ಟೆ ತೆರೆದಿಡುವಂತಿಲ್ಲ.

ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಯನ್ನು ಕೆಡಿಸಿದ್ದು ಕಣ್ಣಿಗೆ ಕಾಣುತ್ತಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟು ಅವುಗಳಿಗೆ ಬೀಗ ಹಾಕಿಸಿತು. ಕೋಳಿಯ ಕೊಳೆಗೆ ಬಣ್ಣವಿಲ್ಲ. ಅದು ನೈಟ್ರೇಟಾಗಿ ಸದ್ದಿಲ್ಲದೆ ನೆಲಕ್ಕಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ತಗ್ಗುವ ಅಪಾಯವಿದೆ.

ಕಾನೂನು? ಒಂದು ಲಕ್ಷಕ್ಕಿಂತ ಕಡಿಮೆ ಕೋಳಿಯ ಫಾರ್ಮುಗಳಿಗೆ ಮಾಲಿನ್ಯ ಮಂಡಳಿಯ ಒಪ್ಪಿಗೆಯೇ ಬೇಕಿರಲಿಲ್ಲ. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ವಿನಾಯಿತಿಯನ್ನು ಪ್ರಶ್ನಿಸಿದ ಬಳಿಕ ಮಿತಿ 5,000ಕ್ಕೆ ಇಳಿಯಿತು. ಒಂದೇ ಊರಿನಲ್ಲಿ ನಾಲ್ಕು ನಾಲ್ಕು ಸಾವಿರದ ಹತ್ತು ಶೆಡ್ಡುಗಳಿದ್ದರೆ? ಲೆಕ್ಕ ಒಂದೊಂದಾಗಿಯೇ. ನೊಣಕ್ಕೆ ಈ ಲೆಕ್ಕ ಗೊತ್ತಿಲ್ಲ.

ಇನ್ನು ಔಷಧಿ. ಒತ್ತಾಗಿ ತುಂಬಿದ ಶೆಡ್ಡಿನಲ್ಲಿ ರೋಗ ಬರುವ ಮೊದಲೇ ಮೇವಿನಲ್ಲಿ, ನೀರಿನಲ್ಲಿ ಆಂಟಿಬಯಾಟಿಕ್ ಬೆರೆಸುವ ರೂಢಿ ದೇಶದಲ್ಲೆಲ್ಲ ಬೆಳೆದಿತ್ತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಆ ನಗರದ ಆಸುಪಾಸಿನ 70 ಕೋಳಿ ಮಾಂಸದ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 40ರಲ್ಲಿ ಔಷಧಿಯ ಶೇಷ ಸಿಕ್ಕಿತು. ಬೇರೆ ಮದ್ದು ನಾಟದಿದ್ದಾಗ ವೈದ್ಯರು ಕೊನೆಗೆ ಬಳಸುವ ಕೊಲಿಸ್ಟಿನನ್ನೂ ಕೋಳಿಗೆ ಕೊಡುತ್ತಿದ್ದರು. 2019ರ ಜುಲೈಯಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು. ಗೇರುತೋಟದ ಮೇಲೆ ಸುರಿದ ಎಂಡೋಸಲ್ಫಾನ್ ಎಲ್ಲೆಲ್ಲಿ ತಲಪಿತೆಂದು ಬಲ್ಲ ನಮಗೆ, ಔಷಧಿ ಸುರಿದಲ್ಲೇ ನಿಲ್ಲುವುದಿಲ್ಲವೆಂದು ಯಾರೂ ಹೇಳಿಕೊಡಬೇಕಿಲ್ಲ.

ಇದು ಘಟ್ಟದಾಚೆಯ ಸುದ್ದಿಯೆಂದು ಪುಟ ಮಗುಚುವ ಮುನ್ನ ನಮ್ಮ ಅಡಿಕೆ ತೋಟಗಳನ್ನು ನೋಡೋಣ. ಕೋಳಿ ಗೊಬ್ಬರ ಅಗ್ಗ, ಫಲವೂ ಬೇಗ. ಆದರೆ ಹಸಿ ಗೊಬ್ಬರವನ್ನು ಗುಡ್ಡದ ತೋಟದ ಅಂಚಿನಲ್ಲಿ ತೆರೆದಿಟ್ಟರೆ ಮೊದಲ ಮಳೆಗೆ ಅದು ಇಳಿಯುವುದು ಕೆಳಗಿನ ಮನೆಯ ಬಾವಿಗೆ, ಸುರಂಗಕ್ಕೆ. ಟಾರ್ಪಾಲು ಹೊದೆಸಿ, ಸೊಪ್ಪಿನೊಂದಿಗೆ ಕಳಿಸಿ ಹಾಕಿದರೆ ನೊಣವೂ ಕಡಿಮೆ, ಬಾವಿಯೂ ಕ್ಷೇಮ. ಎಡವಪಾತಿಗೆ ಮೊದಲು ಆಗಬೇಕಾದ ಕೆಲಸ ಇದು.