ಲೇಬಲ್‌ನಲ್ಲಿ ‘ಆಲ್ಕೋಹಾಲ್’ ಎಂದಿದ್ದರೆ...

ಹಿಮ್ಮಡಿ ಒಡೆದಾಗ ಹಚ್ಚುವ ಕ್ರೀಮಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಿ. ಅನೇಕ ಕ್ರೀಮುಗಳ ಪಟ್ಟಿಯಲ್ಲಿ ‘ಸೀಟೈಲ್ ಆಲ್ಕೋಹಾಲ್’ ಎಂಬ ಹೆಸರು ಕಾಣುತ್ತದೆ. ‘ಅಯ್ಯೋ, ಇದರಲ್ಲಿ ಮದ್ಯ ಇದೆಯೇ?’ ಎಂದು ಡಬ್ಬಿಯನ್ನು ಬದಿಗಿಡುವವರಿದ್ದಾರೆ. ಗಾಬರಿ ಬೇಡ. ಅದು ಮೇಣದಂತಹ ಬಿಳಿ ಗಟ್ಟಿ ವಸ್ತು. ಕ್ರೀಮಿನ ಎಣ್ಣೆ ಮತ್ತು ನೀರು ಬೇರ್ಪಡದಂತೆ ಹಿಡಿದಿಡುವುದು ಅದರ ಕೆಲಸ. ಅಮಲೇರಿಸುವ ಗುಣ ಅದಕ್ಕಿಲ್ಲ.

ಹಾಗಾದರೆ ಆ ಹೆಸರೇಕೆ? ಫಾರ್ಮಸಿ ವಿದ್ಯಾರ್ಥಿಗಳು ಸಾವಯವ ರಸಾಯನಶಾಸ್ತ್ರದ ಆರಂಭದಲ್ಲೇ ಕಲಿಯುವ ಪಾಠವಿದು. ಇಂಗಾಲದ ಸರಪಳಿಗೆ ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ‘ಹೈಡ್ರಾಕ್ಸಿಲ್’ ಎಂಬ ಜೋಡಿ ಅಂಟಿಕೊಂಡರೆ ಅದು ಆಲ್ಕೋಹಾಲ್. ಅಂದರೆ ಇದು ಒಬ್ಬನ ಹೆಸರಲ್ಲ, ಮನೆತನದ ಹೆಸರು. ಪದ ಹುಟ್ಟಿದ್ದೂ ಅರಬಿಯ ‘ಅಲ್-ಕುಹ್ಲ್’ನಿಂದ, ಅಂದರೆ ಕಣ್ಣಿಗೆ ಹಚ್ಚುವ ಸುರ್ಮಾದಿಂದ! ನುಣುಪು ಪುಡಿಗಿದ್ದ ಹೆಸರು ಯುರೋಪಿನಲ್ಲಿ ಕ್ರಮೇಣ ವಸ್ತುಗಳ ಸಾರಕ್ಕೂ, ಬಳಿಕ ಮದ್ಯಸಾರಕ್ಕೂ ಅಂಟಿತು.

ಮನೆತನ ಒಂದಾದರೂ ಸ್ವಭಾವ ಒಂದಲ್ಲ. ಒಂದೇ ಇಂಗಾಲವಿದ್ದರೆ ಅದು ಮೀಥನಾಲ್. ನಮ್ಮ ಯಕೃತ್ತು ಅದನ್ನು ಫಾರ್ಮಾಲ್ಡಿಹೈಡ್ ಆಗಿ, ಮತ್ತೆ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಕಣ್ಣಿನ ನರವನ್ನು ಹಾಳುಗೆಡವುವುದು ಈ ಆಮ್ಲ. ಮೀಥನಾಲ್ ಬೆರೆತ ಕಳ್ಳಭಟ್ಟಿ ಕುಡಿದವರು ಕುರುಡರಾಗುವುದು ಹೀಗೆ. ಎರಡು ಇಂಗಾಲವಿದ್ದರೆ ಎಥನಾಲ್. ಮದ್ಯದಲ್ಲಿರುವುದೂ, ಅನೇಕ ಸ್ಯಾನಿಟೈಸರ್‌ಗಳಲ್ಲಿ ಕ್ರಿಮಿ ಕೊಲ್ಲುವುದೂ ಇದೇ. ಹದಿನಾರು ಇದ್ದರೆ ನಿಮ್ಮ ಕ್ರೀಮಿನ ಸೀಟೈಲ್.

ಹೈಡ್ರಾಕ್ಸಿಲ್ ಒಂದಕ್ಕಿಂತ ಹೆಚ್ಚಿದ್ದರೆ? ಮೂರು ಇಂಗಾಲಕ್ಕೆ ಮೂರು ಹೈಡ್ರಾಕ್ಸಿಲ್ ಇದ್ದರೆ ಅದು ಗ್ಲಿಸರಿನ್. ಸಿಹಿಯಾದ, ಮಂದವಾದ ದ್ರವ. ಸಿರಪ್‌ಗಳಲ್ಲಿ ಬಳಸುತ್ತಾರೆ, ನಿರಪಾಯಕಾರಿ. ಇದರ ದೂರದ ನೆಂಟ ಡೈಎಥಿಲೀನ್ ಗ್ಲೈಕಾಲ್. ಅದೂ ಸಿಹಿ, ಅದೂ ಮಂದ, ಅದಕ್ಕೂ ಬಣ್ಣವಿಲ್ಲ. ಆದರೆ ಅದು ಕಾರ್ಖಾನೆಯ ದ್ರಾವಕ, ಮೂತ್ರಪಿಂಡವನ್ನು ನಾಶ ಮಾಡುವ ವಿಷ. ನಾಲಿಗೆಗೂ ಕಣ್ಣಿಗೂ ವ್ಯತ್ಯಾಸ ತಿಳಿಯದು. ಪ್ರಯೋಗಾಲಯದ ಪರೀಕ್ಷೆ ಮಾತ್ರ ಹೇಳಬಲ್ಲದು.

ಆ ಪರೀಕ್ಷೆ ತಪ್ಪಿದಲ್ಲೆಲ್ಲ ಜೀವಗಳು ಹೋಗಿವೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಈ ಗ್ಲೈಕಾಲ್‌ನಲ್ಲೇ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಕಲಬೆರಕೆ ಸಿರಪ್ ಕಾರಣವೆಂಬ ಶಂಕೆ ಎದ್ದಿತು. 2025ರಲ್ಲಿ ನಮ್ಮದೇ ದೇಶದ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಸತ್ತಾಗ, ಆ ಸಿರಪ್‌ನಲ್ಲಿ ಸಿಕ್ಕಿದ್ದೂ ಇದೇ ಗ್ಲೈಕಾಲ್.

‘ಆಲ್ಕೋಹಾಲ್ ಇಲ್ಲ’ ಎಂದು ಬರೆದ ಬಾಟಲಿಯನ್ನೇ ಹುಡುಕಿ ಕೊಳ್ಳುವವರು ಇದನ್ನು ಗಮನಿಸಬೇಕು. ಆ ಮಾತು ಎಥನಾಲ್ ಇಲ್ಲ ಎನ್ನುತ್ತದೆ ಅಷ್ಟೆ. ಕಲಬೆರಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಕೊಡಬೇಡಿ. ಐದರೊಳಗಿನವರಿಗೂ ಸಾಮಾನ್ಯವಾಗಿ ಅದು ಬೇಕಿಲ್ಲ. ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟ ಬಾಟಲಿ ನಿಮ್ಮ ಮಗುವಿಗೆ ಬೇಡವೇ ಬೇಡ. ಕೊಂಡ ಸಿರಪ್‌ನ ಬಿಲ್ಲನ್ನು ಇಟ್ಟುಕೊಳ್ಳಿ. ಕುಡಿಸಿದ ಮೇಲೆ ಮಗುವಿಗೆ ವಾಂತಿ ಶುರುವಾಗಿ ಮೂತ್ರ ಕಡಿಮೆಯಾದರೆ ‘ಜ್ವರಕ್ಕೆ ಹಾಗಾಗಿರಬೇಕು’ ಎಂದು ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಓಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.