ಮೆರ್ವಿಲ್ ಬೇಲಿಗೆ ಬೆಂಗಳೂರಿನ ಕೊಳವೆ

1944ರ ಜೂನ್ 6ರ ನಸುಕು. ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೆರ್ವಿಲ್ ಬಳಿ ಲೆಫ್ಟಿನೆಂಟ್ ಕರ್ನಲ್ ಟೆರೆನ್ಸ್ ಆಟ್‌ವೇ ತಮ್ಮ ಯೋಧರಿಗಾಗಿ ಕಾದಿದ್ದರು. ಬ್ರಿಟಿಷ್ 9ನೇ ಪ್ಯಾರಾಚೂಟ್ ಬೆಟಾಲಿಯನ್‌ನ 600ಕ್ಕೂ ಹೆಚ್ಚು ಮಂದಿಯಲ್ಲಿ ಬಂದು ಸೇರಿದವರು ಸುಮಾರು 150. ಉಳಿದವರು ಎಲ್ಲೆಲ್ಲೋ ಇಳಿದಿದ್ದರು. ಕೆಲವರು ಜೌಗಿನಲ್ಲಿ ಮುಳುಗಿ ಸತ್ತರು. ಭಾರಿ ಶಸ್ತ್ರಗಳೂ, ನೆಲಬಾಂಬ್ ಪತ್ತೆ ಯಂತ್ರಗಳೂ ಕೈಸೇರಲಿಲ್ಲ.

ಆದರೆ ಕಾಯುವಂತಿರಲಿಲ್ಲ. ಅಲ್ಲಿನ ನಾಲ್ಕು ಕಾಂಕ್ರೀಟ್ ಕೋಣೆಗಳಲ್ಲಿದ್ದ ಜರ್ಮನ್ ಫಿರಂಗಿಗಳ ಬಾಯಿ ಬೆಳಗಾಗುವುದರೊಳಗೆ ಕಟ್ಟಬೇಕಿತ್ತು. ಇಲ್ಲವಾದರೆ 'ಸೋರ್ಡ್' ಎಂಬ ಗುಪ್ತನಾಮದ ಕಡಲತೀರದಲ್ಲಿ ಇಳಿಯುವ ಬ್ರಿಟಿಷ್ ಸೈನಿಕರಿಗೆ ಅಪಾಯ.

ನೆಲಬಾಂಬುಗಳನ್ನು ಬರಿಗೈಯಲ್ಲೇ ತಡಕಿ ದಾರಿ ಮಾಡಿದರು. ಮುಳ್ಳುತಂತಿಗೆ ಉಳಿದಿದ್ದು ಕೆಲವೇ 'ಬೆಂಗಳೂರು ಟಾರ್ಪಿಡೊ'ಗಳು. ಹೌದು, ನಮ್ಮ ಬೆಂಗಳೂರೇ! ಇಲ್ಲಿ ನೆಲೆಗೊಂಡಿದ್ದ ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ರೂಪಿಸಿದ ಸಾಧನವಿದು. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ದೂರದಿಂದಲೇ ಬೇಲಿಯಡಿ ತಳ್ಳಿ ಸಿಡಿಸುವುದು ಇದರ ತಂತ್ರ.

ಬೇಲಿ ಹರಿಯಿತು, ಯೋಧರು ನುಗ್ಗಿದರು. ಒಳಗಿದ್ದವು ನಿರೀಕ್ಷಿಸಿದ್ದ 150 ಮಿ.ಮೀ. ಫಿರಂಗಿಗಳಲ್ಲ; 100 ಮಿ.ಮೀ.ನ ಹಳೆಯ ಜೆಕ್ ಫಿರಂಗಿಗಳು! ಕಾದಾಟ ಮುಗಿದಾಗ ಗಾಯವಿಲ್ಲದೆ ನಿಂತಿದ್ದವರು ಸುಮಾರು 75.

ಅವರು ಹೊರಟ ಮೇಲೆ ಜರ್ಮನರು ಮರಳಿದರು. ಫಿರಂಗಿಗಳೂ ಪೂರ್ತಿ ಹಾಳಾಗಿರಲಿಲ್ಲ. ಹಾಗಾದರೆ ಆ ಬಲಿದಾನ ವ್ಯರ್ಥವೇ? ಕಡಲತೀರದಲ್ಲಿ ಆ ಬೆಳಿಗ್ಗೆ ಸೈನ್ಯ ಇಳಿಯುವುದನ್ನು ಮೆರ್ವಿಲ್ ತಡೆಯಲಾಗಲಿಲ್ಲ. ಯೋಧರು ಗಳಿಸಿಕೊಟ್ಟದ್ದು ಕೆಲವು ಗಂಟೆಗಳನ್ನು. ಅಂದು ಬೇಕಿದ್ದದ್ದೂ ಅಷ್ಟೇ.