ಕೆಟಮೈನ್ ಮತ್ತು ಮನಶ್ಚಿಕಿತ್ಸೆ: ಔಷಧವು ದೇಹವನ್ನು ಸೇರುವ ಮಾರ್ಗಗಳು

ಔಷಧದ ಗುಣವು ಅದರ ದ್ರವ್ಯದಲ್ಲಿ ಮಾತ್ರ ಅಡಗಿರುವುದಿಲ್ಲ. ಅದು ದೇಹವನ್ನು ಯಾವ ದಾರಿಯಿಂದ ಸೇರುತ್ತದೆಂಬುದರಲ್ಲಿಯೂ ಅಡಗಿರುತ್ತದೆ. ನಸ್ಯ, ಬಸ್ತಿ, ಲೇಪ, ಅನುಪಾನ ಎಂಬ ಮಾತುಗಳನ್ನು ಆಯುರ್ವೇದದ ಮೂಲಕ ಬಲ್ಲ ನಮ್ಮ ಓದುಗರಿಗೆ ಈ ವಿಚಾರ ಹೊಸದಲ್ಲ. ಇಂದಿನ ಮನೋವೈದ್ಯದಲ್ಲಿ ಕೆಟಮೈನ್ ಎಂಬ ಔಷಧದ ಸಂಬಂಧವಾಗಿ ಇದೇ ಪ್ರಶ್ನೆ ಮತ್ತೆ ತಲೆಯೆತ್ತಿದೆ. ಅದನ್ನು ನಾಳದಲ್ಲಿ ಹರಿಸಬೇಕೆ, ಸ್ನಾಯುವಿಗೆ ಚುಚ್ಚಬೇಕೆ, ಮೂಗಿಗೆ ಸಿಂಪಡಿಸಬೇಕೆ, ನಾಲಗೆಯಡಿ ಕರಗಿಸಬೇಕೆ? ಮೇಲ್ನೋಟಕ್ಕೆ ಇದು ದಾದಿಯರ ಕೈಕೆಲಸಕ್ಕೆ ಸಂಬಂಧಿಸಿದ ವಿಷಯವೆಂದು ತೋರಬಹುದು. ಆದರೆ ರೋಗಿಯು ಚಿಕಿತ್ಸೆಯ ಹೊತ್ತಿನಲ್ಲಿ ಮಾತನಾಡಬಲ್ಲನೇ, ಅವನ ಬಳಿ ಯಾರಿರುತ್ತಾರೆ ಎಂಬ ಸಂಗತಿಗಳು ಬಹುಮಟ್ಟಿಗೆ ಇದರಿಂದಲೇ ನಿರ್ಣಯವಾಗುತ್ತವೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಔಷಧದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಅಮೆರಿಕದ ಪಾರ್ಕ್-ಡೇವಿಸ್ ಸಂಸ್ಥೆಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞರು ೧೯೬೨ರಲ್ಲಿ ಇದನ್ನು ಸಂಯೋಜಿಸಿದರು. ೧೯೬೪ರ ಆಗಸ್ಟ್ ೩ರಂದು ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಎಂಬ ವೈದ್ಯರು ಮಿಷಿಗನ್ನಿನ ಸೆರೆಮನೆಯೊಂದರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಇದನ್ನು ಕೊಟ್ಟು ಪರೀಕ್ಷಿಸಿದರು. ಔಷಧ ಪಡೆದವನು ಪೂರ್ತಿ ನಿದ್ರಿಸದೆ, ತನ್ನ ದೇಹದಿಂದಲೂ ಸುತ್ತಣ ಲೋಕದಿಂದಲೂ ಬೇರ್ಪಟ್ಟಂತೆ ಕಾಣುತ್ತಿದ್ದನು. ಆದುದರಿಂದ ಇದಕ್ಕೆ ‘ವಿಯೋಜಕ ಅರಿವಳಿಕೆ’ ಎಂಬರ್ಥದ ಹೆಸರು ಬಂದಿತು. ೧೯೭೦ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಇತರ ಅರಿವಳಿಕೆಗಳಂತೆ ಉಸಿರಾಟವನ್ನು ಬಹಳವಾಗಿ ಕುಗ್ಗಿಸದಿರುವುದರಿಂದ, ಹೆಚ್ಚಿನ ಉಪಕರಣಗಳಿಲ್ಲದ ಆಸ್ಪತ್ರೆಗಳಿಗೂ ಇದು ಬಹಳ ಉಪಕಾರಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ.

ಮನಸ್ಸಿನ ಚಿಕಿತ್ಸೆಗೆ ಇದು ಬಂದದ್ದು ಎರಡು ಪ್ರತ್ಯೇಕ ಧಾರೆಗಳಾಗಿ. ರಷ್ಯದ ಯೆವ್ಗೆನಿ ಕ್ರುಪಿಟ್‌ಸ್ಕಿಯವರು ೧೯೮೫ರಿಂದ ಲೆನಿನ್‌ಗ್ರಾಡಿನಲ್ಲಿ ಮದ್ಯವ್ಯಸನಿಗಳಿಗೆ ಇದನ್ನು ಸ್ನಾಯುವಿಗೆ ಚುಚ್ಚಿ, ಅದಕ್ಕೆ ಮೊದಲೂ ಅನಂತರವೂ ದೀರ್ಘ ಸಂವಾದ ನಡೆಸುತ್ತಿದ್ದರು. ೧೯೯೭ರ ಅವರ ವರದಿಯಂತೆ, ಈ ಚಿಕಿತ್ಸೆ ಪಡೆದ ೧೧೧ ಮಂದಿಯಲ್ಲಿ ನೂರಕ್ಕೆ ಸುಮಾರು ೬೬ರಷ್ಟು ಜನ ಒಂದು ವರ್ಷದವರೆಗೆ ಮದ್ಯ ಮುಟ್ಟಲಿಲ್ಲ. ವಾಡಿಕೆಯ ಚಿಕಿತ್ಸೆ ಪಡೆದ ೧೦೦ ಮಂದಿಯಲ್ಲಿ ಹಾಗಿದ್ದವರು ೨೪. ಇದು ಒಂದೇ ತಂಡದ ವರದಿಯೆಂಬುದನ್ನು ಮರೆಯಬಾರದು. ಇನ್ನೊಂದು ಧಾರೆ ಅಮೆರಿಕದ್ದು. ೨೦೦೦ದಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಏಳು ಮಂದಿ ಖಿನ್ನತೆಯ ರೋಗಿಗಳಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೦.೫ ಮಿಲಿಗ್ರಾಂ ಪ್ರಮಾಣವನ್ನು ೪೦ ನಿಮಿಷಗಳಲ್ಲಿ ನಾಳದ ಮೂಲಕ ಹರಿಸಿ, ಶೀಘ್ರವಾದ ಸುಧಾರಣೆಯನ್ನು ಕಂಡರು. ೨೦೦೬ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ನೂರಕ್ಕೆ ೭೧ರಷ್ಟು ರೋಗಿಗಳು ಒಂದೇ ದಿನದಲ್ಲಿ ಸುಧಾರಿಸಿದರು. ವಾರದ ಕೊನೆಯವರೆಗೆ ಆ ಸುಧಾರಣೆ ಉಳಿದದ್ದು ೩೫ರಷ್ಟು ಮಂದಿಯಲ್ಲಿ ಮಾತ್ರ. ಮೊದಲನೆಯ ಧಾರೆಯಲ್ಲಿ ಔಷಧವು ತಂದ ಅನುಭವವನ್ನು ಮಾತಿನ ಮೂಲಕ ಬಾಳಿಗೆ ಹೊಂದಿಸುವುದೇ ಚಿಕಿತ್ಸೆ. ಎರಡನೆಯದರಲ್ಲಿ ಔಷಧವೇ ಚಿಕಿತ್ಸೆ. ಇಂದು ‘ಕೆಟಮೈನ್ ನೆರವಿನ ಮನಶ್ಚಿಕಿತ್ಸೆ’ ಎನಿಸಿಕೊಳ್ಳುವುದು ಇವೆರಡರ ಸಂಗಮ.

ಇನ್ನು ಒಂದೊಂದೇ ಮಾರ್ಗವನ್ನು ಪರಿಶೀಲಿಸಬಹುದು.

ನಾಳದ ಮಾರ್ಗದಲ್ಲಿ ಕೊಟ್ಟದ್ದೆಲ್ಲವೂ ರಕ್ತವನ್ನು ಸೇರುತ್ತದೆ. ಪ್ರಮಾಣವು ಖಚಿತ, ರೋಗಿ ಗಾಬರಿಗೊಂಡರೆ ಹರಿವನ್ನು ಅಲ್ಲಿಯೇ ನಿಲ್ಲಿಸಬಹುದು. ಇದೇ ಇದರ ದೊಡ್ಡ ಗುಣ. ಆದರೆ ಸೂಜಿ, ಯಂತ್ರ, ನುರಿತ ಸಿಬ್ಬಂದಿ ಇವೆಲ್ಲ ಬೇಕಾಗುವುದರಿಂದ ವೆಚ್ಚ ಹೆಚ್ಚು. ಆಸ್ಪತ್ರೆಯ ವಾತಾವರಣವು ಮನಬಿಚ್ಚಿ ಮಾತನಾಡಲು ಎಲ್ಲರಿಗೂ ಒಗ್ಗುವುದಿಲ್ಲ. ೨೦೨೨ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯೊಂದರಲ್ಲಿ ೯೬ ಮಂದಿ ಮದ್ಯವ್ಯಸನಿಗಳು ಭಾಗವಹಿಸಿದ್ದರು. ಔಷಧದ ಪಾಲು ಬಂದವರಿಗೆ ವಾರಕ್ಕೊಮ್ಮೆಯಂತೆ ಮೂರು ಸಲ ಈ ಬಗೆಯಲ್ಲಿ ಅದನ್ನು ಕೊಡಲಾಯಿತು. ಆರು ತಿಂಗಳಲ್ಲಿ ಕೆಟಮೈನ್ ಪಡೆದವರು ಮದ್ಯವಿಲ್ಲದೆ ಕಳೆದ ದಿನಗಳು ಹೆಚ್ಚಾಗಿದ್ದುವು. ಆದರೆ ಮರಳಿ ವ್ಯಸನಕ್ಕೆ ಬೀಳುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಸ್ನಾಯುವಿನ ಮಾರ್ಗದಲ್ಲಿ ನೂರಕ್ಕೆ ಸುಮಾರು ೯೩ ಭಾಗ ರಕ್ತಕ್ಕೆ ಸೇರುತ್ತದೆ. ಐದು ನಿಮಿಷಗಳೊಳಗಾಗಿ ಪರಿಣಾಮ ಆರಂಭವಾಗುತ್ತದೆ. ಯಂತ್ರದ ತೊಡಕಿಲ್ಲ, ಆದರೆ ಒಮ್ಮೆ ಚುಚ್ಚಿದ ಮೇಲೆ ಹಿಂದಕ್ಕೆ ತೆಗೆಯಲಾಗದು. ಹೆಚ್ಚಿನ ಪ್ರಮಾಣದಲ್ಲಿ ಅನುಭವವು ಬಹಳ ಆಳವಾಗಿರುವುದರಿಂದ ಆ ಹೊತ್ತಿನಲ್ಲಿ ಸಂವಾದ ಸಾಧ್ಯವಿಲ್ಲ. ಚಿಕಿತ್ಸಕನು ಮೌನಸಾಕ್ಷಿಯಾಗಿ ಬಳಿಯಲ್ಲಿದ್ದು, ಮಾತನ್ನು ಅನಂತರಕ್ಕೆ ಕಾದಿರಿಸಬೇಕು. ೨೦೦೨ರಲ್ಲಿ ಕ್ರುಪಿಟ್‌ಸ್ಕಿಯವರು ಹೆರಾಯಿನ್ ವ್ಯಸನಿಗಳಾದ ೭೦ ಮಂದಿಯನ್ನು ಎರಡು ಗುಂಪು ಮಾಡಿ, ಮನಶ್ಚಿಕಿತ್ಸೆಯನ್ನು ಒಂದೇ ಬಗೆಯಾಗಿಟ್ಟು, ಸ್ನಾಯುವಿನ ಪ್ರಮಾಣವನ್ನು ಮಾತ್ರ ಬದಲಿಸಿದರು. ಪ್ರತಿ ಕಿಲೋಗ್ರಾಮಿಗೆ ೨ ಮಿಲಿಗ್ರಾಂ ಪಡೆದವರು ೦.೨ ಮಿಲಿಗ್ರಾಂ ಪಡೆದವರಿಗಿಂತ ಹೆಚ್ಚಾಗಿ ವ್ಯಸನದಿಂದ ದೂರವಿದ್ದರು. ಮಾರ್ಗವೊಂದನ್ನೇ ಹೇಳಿ ಪ್ರಮಾಣವನ್ನು ಹೇಳದಿದ್ದರೆ ಮಾತು ಅಪೂರ್ಣವೆಂಬುದು ಇದರಿಂದ ವಿಶದವಾಗುತ್ತದೆ.

ಮೂಗಿನ ಮಾರ್ಗದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ರಕ್ತಕ್ಕೆ ಸೇರುತ್ತದೆ. ನೆಗಡಿಯಿಂದಲೂ, ಸಿಂಪಡಿಸುವ ರೀತಿಯಿಂದಲೂ ಏರುಪೇರಾಗುವುದುಂಟು. ಕೆಟಮೈನಿನ ಎರಡು ಪ್ರತಿಬಿಂಬರೂಪಗಳಲ್ಲಿ ಒಂದಾದ ಎಸ್‌ಕೆಟಮೈನ್ ಅನ್ನು ಮೂಗಿನ ಸಿಂಚನವಾಗಿ ಬಳಸಲು ೨೦೧೯ರ ಮಾರ್ಚಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಇತರ ಔಷಧಗಳಿಗೆ ಬಗ್ಗದ ಖಿನ್ನತೆಗಾಗಿ ಅನುಮತಿ ನೀಡಿತು. ರೋಗಿಯು ಅದನ್ನು ಚಿಕಿತ್ಸಾಲಯದಲ್ಲಿಯೇ ತೆಗೆದುಕೊಂಡು, ಕಡೆಯ ಪಕ್ಷ ಎರಡು ಗಂಟೆ ಅಲ್ಲಿಯೇ ಇರಬೇಕು; ಮರುದಿನದವರೆಗೆ ವಾಹನ ನಡೆಸಕೂಡದು. ಈ ಅನುಮತಿಯು ಔಷಧಕ್ಕೆ ಸಂಬಂಧಿಸಿದ್ದೇ ಹೊರತು ಅದರೊಡನೆ ನಡೆಯುವ ಸಂವಾದಕ್ಕಲ್ಲವೆಂಬುದನ್ನು ಗಮನಿಸತಕ್ಕದ್ದು.

ಕೊನೆಯದು ಬಾಯಿಯ ಮಾರ್ಗ. ನುಂಗಿದ ಗುಳಿಗೆಯ ಬಹುಭಾಗವನ್ನು ಯಕೃತ್ತು ಮೊದಲೇ ಮಾರ್ಪಡಿಸಿಬಿಡುವುದರಿಂದ, ನೂರಕ್ಕೆ ೨೦ರಷ್ಟು ಭಾಗ ಮಾತ್ರ ಕೆಟಮೈನಾಗಿಯೇ ರಕ್ತಕ್ಕೆ ಸೇರುತ್ತದೆ. ನಾಲಗೆಯಡಿ ಕರಗಿಸಿದರೆ ಸುಮಾರು ೩೦. ಪರಿಣಾಮ ನಿಧಾನವಾಗಿ ಏರುತ್ತದೆ. ಮಿತ ಪ್ರಮಾಣದಲ್ಲಿ ರೋಗಿಯು ಮಾತನಾಡುತ್ತಲೇ ಇರಬಲ್ಲನಾದುದರಿಂದ ಇದು ಸಂವಾದಕ್ಕೆ ಒದಗುವ ಮಾರ್ಗ. ಸೂಜಿಯ ಭಯವಿಲ್ಲ, ಖರ್ಚೂ ಕಡಿಮೆ. ಆದರೆ ಎಂಜಲನ್ನು ಎಷ್ಟು ಹೊತ್ತು ಬಾಯಲ್ಲಿ ಹಿಡಿದಿದ್ದರು, ಎಷ್ಟನ್ನು ನುಂಗಿದರು ಎಂಬುದನ್ನವಲಂಬಿಸಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯ ಪರಿಣಾಮವಾಗುತ್ತದೆ.

ಈ ಅಗ್ಗವಾದ, ಸುಲಭವಾದ ಮಾರ್ಗದಲ್ಲಿಯೇ ಅಪಾಯವೂ ಸೇರಿಕೊಂಡಿದೆ. ೨೦೨೦ರ ಕೋವಿಡ್ ಪಿಡುಗಿನ ಅನಂತರ ಅಮೆರಿಕದಲ್ಲಿ ದೂರಸಂಪರ್ಕದ ಮೂಲಕವೇ ಸಲಹೆ ನೀಡಿ, ಗುಳಿಗೆಗಳನ್ನು ಮನೆಗೆ ಕಳುಹಿಸುವ ಪದ್ಧತಿ ಹಬ್ಬಿತು. ೨೦೨೩ರ ಅಕ್ಟೋಬರಿನಲ್ಲಿ ಅಲ್ಲಿಯ ಆಡಳಿತವು ಇದರ ವಿರುದ್ಧ ಎಚ್ಚರಿಕೆ ಹೊರಡಿಸಿತು. ಮನೆಯಲ್ಲಿ ಬಾಯಿಯ ಮೂಲಕ ಕೆಟಮೈನ್ ತೆಗೆದುಕೊಂಡ ರೋಗಿಯೊಬ್ಬರ ಉಸಿರಾಟ ಕುಗ್ಗಿತೆಂದೂ, ರಕ್ತದಲ್ಲಿ ಅರಿವಳಿಕೆಗೆ ಬೇಕಾಗುವುದರ ಎರಡರಷ್ಟು ಔಷಧವಿದ್ದಂತೆ ಕಂಡಿತೆಂದೂ ಅದು ತಿಳಿಸಿತು. ರಕ್ತದೊತ್ತಡ ಏರಿದಾಗ ಅಳೆಯುವವರಿಲ್ಲ, ಭೀತಿಯುಂಟಾದಾಗ ಕೈಹಿಡಿಯುವವರಿಲ್ಲ. ಪದೇ ಪದೇ ಬಳಸಿದರೆ ಮೂತ್ರಕೋಶಕ್ಕೆ ಹಾನಿಯೂ, ಕೆಲವರಲ್ಲಿ ಚಟವೂ ಉಂಟಾಗಬಹುದು.

ನಮ್ಮ ದೇಶದಲ್ಲಿ ಕೆಟಮೈನನ್ನು ೨೦೧೧ರಲ್ಲಿ ಮಾದಕ ದ್ರವ್ಯಗಳ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಸೇರಿಸಲಾಯಿತು. ೨೦೧೩ರಲ್ಲಿ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೂ ಸೇರಿಸಲಾಯಿತು. ಆ ಅನುಸೂಚಿಯ ಔಷಧಕ್ಕೆ ವೈದ್ಯರು ಎರಡು ಪ್ರತಿಗಳಲ್ಲಿ ಚೀಟಿ ಬರೆಯಬೇಕು. ಅಂಗಡಿಯವರು ಒಂದು ಪ್ರತಿಯನ್ನು ಎರಡು ವರ್ಷ ಕಾದಿಡಬೇಕು. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಇಂಥ ಚೀಟಿಯಿಲ್ಲದೆ ಈ ಔಷಧ ಸಿಗುವುದೆಂದು ಯಾರಾದರೂ ಹೇಳಿದರೆ, ಅದು ಕಾನೂನಿಗೆ ಹೊರಗಾದ ಮಾತೆಂದು ತಿಳಿಯಬೇಕು.

ಆದುದರಿಂದ ‘ಯಾವ ಮಾರ್ಗ ಶ್ರೇಷ್ಠ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪ್ರಮಾಣದ ಖಚಿತತೆ ಮುಖ್ಯವಾದಲ್ಲಿ ನಾಳ. ಆಳವಾದ ಅನುಭವವೇ ಬೇಕಾದಲ್ಲಿ ಸ್ನಾಯು. ಸಂವಾದ ನಡೆಯುತ್ತಿರಬೇಕಾದಲ್ಲಿ ಮಿತವಾದ ಬಾಯಿಯ ಮಾರ್ಗ. ಆದರೆ ಮೂರಕ್ಕೂ ಸಮಾನವಾದ ನಿಯಮವೊಂದಿದೆ: ಔಷಧದ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಅದು ತೆರೆದ ಬಾಗಿಲಿನಿಂದ ಒಳಗೆ ಬಂದುದನ್ನು ಬಾಳಿಗೆ ಹೊಂದಿಸುವ ಕೆಲಸ ಮರುದಿನದ ಮಾತಿನಲ್ಲಿ ನಡೆಯಬೇಕು. ಖಿನ್ನತೆಯಿಂದ ಬಳಲುವವರಾಗಲಿ ಅವರ ಮನೆಯವರಾಗಲಿ ಇಂಥ ಚಿಕಿತ್ಸೆಯನ್ನು ವಿಚಾರಿಸುವಾಗ, ಔಷಧ ಯಾವುದೆಂದು ಕೇಳುವುದರ ಜೊತೆಗೆ, ಅದು ಯಾವ ದಾರಿಯಿಂದ, ಎಷ್ಟು ಪ್ರಮಾಣದಲ್ಲಿ ಸೇರುತ್ತದೆ, ಆಗ ಬಳಿಯಲ್ಲಿ ಯಾರಿರುತ್ತಾರೆ, ಮರುದಿನ ಯಾರೊಡನೆ ಮಾತನಾಡಬಹುದು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಹಿತಕರ.